ಐದು ಮನೆಯ ಸುಳಿವು, ಅಪ್ಪನ ಹೆಡ್‌ಲೈಟ್ ಲೆಕ್ಕ

ನಮ್ಮನೇಲಿ ದಿನ ಶುರುವಾಗೋದು ಚಹಾದಿಂದ ಅಲ್ಲ, ಪದಬಂಧದಿಂದ. ರಾಯಾಪುರದ ನಮ್ಮ ಮನೆ ಪಿಬಿ ರೋಡಿನಿಂದ ಸ್ವಲ್ಪ ಒಳಗಿದೆ. ಮೊದಲ ಚಿಗರಿ ಬಸ್ಸಿನ ಸದ್ದು ಕೇಳೋ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತು ಪೇಪರಿಗೆ ಕಾಯ್ತಿರ್ತಾರೆ. ಪೇಪರ್ ಬಂದ ಕೂಡಲೇ ಹೆಡ್‌ಲೈನ್ ನೋಡೋದಿಲ್ಲ, ನೇರವಾಗಿ ಪದಬಂಧದ ಪುಟ. ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ನೀಲಿ ಪೆನ್ನು.

ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. 28 ವರ್ಷ ಸಾರಿಗೆ ಬಸ್ಸಿನ ಡ್ರೈವರ್ ಆಗಿದ್ದರು, ಅದರಲ್ಲಿ ಬಹುಪಾಲು ಮುಂಜಾನೆ ಪಾಳಿ. ಟ್ರಿಪ್ಪಿಗೂ ಟ್ರಿಪ್ಪಿಗೂ ನಡುವೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಹತ್ತು-ಹದಿನೈದು ನಿಮಿಷದಲ್ಲಿ ಪ್ರಯಾಣಿಕರು ಬಿಟ್ಟುಹೋದ ಪೇಪರಿನಲ್ಲಿ ಪದಬಂಧ ತುಂಬೋದು ಕಲಿತರಂತೆ. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ ನಮ್ಮಿಬ್ಬರ ನಡುವೆ ಒಂದು ರೂಢಿ ಆಗಿಹೋಯ್ತು. ಅಪ್ಪ ಅರ್ಧ ತುಂಬಿದ ಪದಬಂಧದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸ್ತಾರೆ, ಸಿಕ್ಕಿಹಾಕಿಕೊಂಡ ಸುಳಿವಿಗೆ ಒಂದು ಗೆರೆ ಎಳೆದಿರ್ತಾರೆ. ನಾನು ಆಫೀಸ್ ಕ್ಯಾಬಿನಲ್ಲಿ ಕೂತು ಉತ್ತರ ಹುಡುಕಿ ಕಳಿಸ್ತೀನಿ. "ಊಟ ಆಯ್ತಾ" ಅನ್ನೋ ಮಾತಿಗಿಂತ ನಮ್ಮಲ್ಲಿ ಹೆಚ್ಚು ನಡೆದಿರೋದು "ಮೂರನೇ ಮನಿ ಏನು" ಅನ್ನೋ ಮಾತೇ.

ಆ ಫೋಟೊ ಒಮ್ಮೆ ನಿಂತೇ ಹೋಯ್ತು. ತಪ್ಪು ನನ್ನದು.

ಡಿಸೆಂಬರ್ ಕೊನೆಯ ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಕಾಕಾ, ಕಾಕು, ಅವರ ಮಕ್ಕಳು ಎಲ್ಲರೂ ಬಂದಿದ್ದರು. ಅಪ್ಪ ಎಂದಿನಂತೆ ಪದಬಂಧ ಹಿಡಿದು ಕೂತಿದ್ದರು. ಸುಳಿವು ಹೀಗಿತ್ತು: "ಹಗಲು ಅತಿ ಚಿಕ್ಕದಾದಾಗ ಇದು ಶುರು." ಎಡದಿಂದ ಬಲಕ್ಕೆ ಐದು ಮನೆ. ಅಪ್ಪ ಒಂದು ಕ್ಷಣವೂ ಯೋಚಿಸದೆ "ಉತ್ತರಾಯಣ" ಅಂತ ತುಂಬಿದರು. ಉತ್ತರ ಸರಿಯಾಗೇ ಇತ್ತು. ಜಗಳ ಆದದ್ದು ಆಮೇಲಿನ ಮಾತಿಗೆ.

"ಸಂಕ್ರಮಣದ ದಿನಾನೇ ಅತಿ ಸಣ್ಣ ಹಗಲು. ಅಲ್ಲಿಂದ ಮುಂದ ಸೂರ್ಯಾ ಬೆಳೀತಾನ" ಅಂದರು ಅಪ್ಪ.

"ಇಲ್ಲ ಅಪ್ಪಾ, ಡಿಸೆಂಬರ್ 21. ಅದು ಮೊನ್ನೆನೇ ಆಗಿಹೋಯ್ತು" ಅಂದೆ.

"ಹೆಂಗವಾ? ಇಷ್ಟು ವರ್ಷ ಫಸ್ಟ್ ಟ್ರಿಪ್ ಹೊಡೆದೀನಿ. ಡಿಸೆಂಬರಿಗಿಂತ ಸಂಕ್ರಮಣಕ್ಕ ಹೆಡ್‌ಲೈಟ್ ಆರಿಸೋದು ತಡಾ ಆಗ್ತದ. ಬೆಳಕು ತಡಾ ಬಂದ್ರ ಹಗಲು ಸಣ್ಣದಾಗಂಗಿಲ್ಲೇನು?"

ನಾನು ಮೊಬೈಲ್ ತೆಗೆದೆ, ಹುಡುಕಿದೆ, ಎಲ್ಲರ ಮುಂದೆ ಜೋರಾಗಿ ಓದಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗ್ತಿತ್ತು. "ಸೈನ್ಸ್ ಗೊತ್ತಿಲ್ಲಂದ್ರ ಸುಮ್ನಿರಬೇಕು ಅಪ್ಪಾ, ಹೆಡ್‌ಲೈಟ್ ನೋಡಿ ಹೇಳೋ ವಿಷಯ ಅಲ್ಲ ಇದು" ಅಂದುಬಿಟ್ಟೆ. ಕಾಕಾನ ಮಗ ನಕ್ಕ. ಅಪ್ಪ ಏನೂ ಅನ್ನಲಿಲ್ಲ. ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಪೇಪರ್ ಮಡಚಿ ಟಿಪಾಯಿ ಮೇಲಿಟ್ಟು ಎದ್ದುಹೋದರು.

ಬೆಂಗಳೂರಿಗೆ ವಾಪಸ್ ಬಂದೆ. ಮರುದಿನ ಫೋಟೊ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ "ಅರಾಮಿದ್ದೀನವಾ, ಅವ್ವಗ ಕೊಡ್ತೀನಿ ತಡಿ" ಅಂತ ಅಮ್ಮನ ಕೈಗೆ ಕೊಡ್ತಿದ್ದರು. ವಾರವಾದ ಮೇಲೆ ಅಮ್ಮನೇ ಹೇಳಿದಳು, "ಪೇಪರ್ ಬರ್ತದ, ಓದ್ತಾರ. ಪದಬಂಧ ಮಾತ್ರ ಖಾಲಿ ಬಿಡಾಕತ್ತಾರ ನೋಡು."

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಲ್ಯಾಪ್‌ಟಾಪ್ ತೆಗೆದೆ. ಸೂರ್ಯ ಯಾವ ದಿನ ಎಷ್ಟೊತ್ತಿಗೆ ಹುಟ್ಟಿ ಎಷ್ಟೊತ್ತಿಗೆ ಮುಳುಗ್ತಾನೆ ಅಂತ ಲೆಕ್ಕ ಹಾಕೋಕೆ ಸೂತ್ರಗಳಿವೆ. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಸಾಕು. ನಮ್ಮೂರಿನದು ಸುಮಾರು 15.4 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಪೈಥಾನ್‌ನಲ್ಲಿ ನಲವತ್ತು ಸಾಲಿನ ಕೋಡ್ ಬರೆದು ವರ್ಷದ ಎಲ್ಲಾ ದಿನಗಳ ಪಟ್ಟಿ ತೆಗೆದೆ. ನನ್ನ ಮಾತೇ ಸರಿ ಅನ್ನೋದಕ್ಕೆ ಸಾಕ್ಷಿ ಸಿಗುತ್ತೆ, ಅದನ್ನ ಅಪ್ಪನಿಗೆ ಮೆತ್ತಗೆ ತೋರಿಸಿ ಸಮಾಧಾನ ಮಾಡೋಣ ಅಂತ ಇತ್ತು ಮನಸ್ಸಿನಲ್ಲಿ.

ಪಟ್ಟಿ ಹೀಗಿತ್ತು. ಒಂದೆರಡು ನಿಮಿಷ ಆಚೀಚೆ ಇರಬಹುದು.

ಡಿಸೆಂಬರ್ 21: ಸೂರ್ಯೋದಯ 6:52, ಸೂರ್ಯಾಸ್ತ 6:04. ಹಗಲು 11 ಗಂಟೆ 12 ನಿಮಿಷ.
ಜನವರಿ 14: ಸೂರ್ಯೋದಯ 7:00, ಸೂರ್ಯಾಸ್ತ 6:18. ಹಗಲು 11 ಗಂಟೆ 18 ನಿಮಿಷ.
ಜೂನ್ 21: ಸೂರ್ಯೋದಯ 6:00, ಸೂರ್ಯಾಸ್ತ 7:03. ಹಗಲು 13 ಗಂಟೆ 3 ನಿಮಿಷ.

ಮೊದಲ ಎರಡು ಸಾಲು ಮತ್ತೆ ಮತ್ತೆ ನೋಡಿದೆ. ಅತಿ ಚಿಕ್ಕ ಹಗಲು ಡಿಸೆಂಬರ್ 21ರದ್ದೇ, ಅದು ಸರಿ. ಆದರೆ ಸಂಕ್ರಮಣದ ದಿನ ಸೂರ್ಯ ಹುಟ್ಟೋದು ಅದಕ್ಕಿಂತ 8 ನಿಮಿಷ ತಡ! ನಮ್ಮ ಕಡೆ ವರ್ಷದಲ್ಲೇ ಅತಿ ತಡವಾದ ಸೂರ್ಯೋದಯ ಬರೋದು ಜನವರಿ ಮೂರನೇ ವಾರದ ಆಸುಪಾಸು. ಅಪ್ಪ ಹೆಡ್‌ಲೈಟ್ ಆರಿಸೋದು ನಿಜವಾಗಿಯೂ ತಡವಾಗ್ತಿತ್ತು. ಯಾವ ಪುಸ್ತಕವನ್ನೂ ನೋಡದೆ, ಬರೀ ಸ್ಟೇರಿಂಗ್ ಹಿಂದೆ ಕೂತು ಅವರು ಆ 8 ನಿಮಿಷ ಹಿಡಿದಿದ್ದರು.

ಅವರು ತಪ್ಪಿದ್ದು ಒಂದೇ ಕಡೆ. ಬೆಳಿಗ್ಗೆ 8 ನಿಮಿಷ ಕಳೆದುಹೋದರೆ ಸಂಜೆ 14 ನಿಮಿಷ ಸೇರಿರುತ್ತದೆ. ಮುಂಜಾನೆ ಪಾಳಿಯ ಡ್ರೈವರ್ ಸಂಜೆ ಹೊತ್ತಿಗೆ ಮನೆಯಲ್ಲಿ ಮಲಗಿರ್ತಿದ್ದರು, ಆ ಲಾಭ ಅವರ ಕಣ್ಣಿಗೆ ಬೀಳಲೇ ಇಲ್ಲ. ನನಗಂತೂ ಎರಡೂ ಗೊತ್ತಿರಲಿಲ್ಲ. ನಾನು ಓದಿ ಹೇಳಿದ್ದು ಒಂದು ತಾರೀಖು, ಅಷ್ಟೇ.

ಹೀಗ್ಯಾಕೆ ಆಗುತ್ತೆ ಅಂತ ಹುಡುಕುತ್ತಾ ಹೋದರೆ ಪದಬಂಧದವರೆಲ್ಲ ಎಡವೋ ಒಂದು ಜಾಗ ಸಿಕ್ಕಿತು: "ದಿನ" ಮತ್ತು "ಹಗಲು" ಎರಡೂ ಒಂದೇ ಅಲ್ಲ. ಸೂರ್ಯ ನೆತ್ತಿಗೆ ಬರುವ ಒಂದು ಮಧ್ಯಾಹ್ನದಿಂದ ಮುಂದಿನ ಮಧ್ಯಾಹ್ನದವರೆಗಿನ ಹೊತ್ತನ್ನ ದಿನ ಅನ್ನೋಣ. ಅದು ಸರಾಸರಿ 24 ಗಂಟೆ, ಆದರೆ ಪ್ರತಿದಿನ ಕರಾರುವಾಕ್ಕಾಗಿ 24 ಗಂಟೆ ಅಲ್ಲ. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗೋದು 23 ಗಂಟೆ 56 ನಿಮಿಷದಲ್ಲೇ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ದಾರಿಯಲ್ಲೂ ಸ್ವಲ್ಪ ಮುಂದೆ ಹೋಗಿರುತ್ತೆ. ಹಾಗಾಗಿ ಸೂರ್ಯನನ್ನ ಮತ್ತೆ ನೆತ್ತಿಗೆ ತರೋಕೆ ಸುಮಾರು 4 ನಿಮಿಷ ಹೆಚ್ಚಿಗೆ ತಿರುಗಬೇಕು. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತೆ. ಜುಲೈನಲ್ಲಿ ಅದು 15.2 ಕೋಟಿ. ಹತ್ತಿರ ಇದ್ದಾಗ ಓಟ ಜೋರು. ಜೊತೆಗೆ ಭೂಮಿಯ ಅಕ್ಷ ವಾಲಿರೋದೂ ಸೇರಿಕೊಂಡು ಡಿಸೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನದಿಂದ ಇನ್ನೊಂದಕ್ಕೆ 24 ಗಂಟೆಗಿಂತ ಸುಮಾರು 30 ಸೆಕೆಂಡ್ ಜಾಸ್ತಿ ಬೇಕಾಗುತ್ತೆ.

30 ಸೆಕೆಂಡ್ ಏನು ಮಹಾ ಅನ್ನಬೇಡಿ. ಅದು ದಿನಾ ಕೂಡುತ್ತಾ ಹೋಗುತ್ತೆ. ನಮ್ಮ ಗಡಿಯಾರದ ಪ್ರಕಾರ ರಾಯಾಪುರದಲ್ಲಿ ಸೂರ್ಯ ನಡುನೆತ್ತಿಯ ಗೆರೆ ದಾಟೋದು ಡಿಸೆಂಬರ್ 21ಕ್ಕೆ 12:28ಕ್ಕೆ, ಜನವರಿ 14ಕ್ಕೆ 12:39ಕ್ಕೆ. ಇಡೀ ಹಗಲೇ 11 ನಿಮಿಷ ಮುಂದಕ್ಕೆ ಜಾರಿರುತ್ತೆ. ಬೆಳಿಗ್ಗೆ ತಡ, ಸಂಜೆಯೂ ತಡ. (ನಡುಹಗಲು ಹನ್ನೆರಡಕ್ಕೇ ಯಾಕಿಲ್ಲ ಅಂತೀರಾ? ಭಾರತದ ಗಡಿಯಾರ ನಿಂತಿರೋದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗೋ 82.5 ಡಿಗ್ರಿ ರೇಖೆ ಮೇಲೆ. ನಾವು ಅಲ್ಲಿಂದ ಏಳೂವರೆ ಡಿಗ್ರಿ ಪಶ್ಚಿಮಕ್ಕಿದ್ದೀವಿ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ಹಿಂದೆ.)

ಇನ್ನೊಂದು ತಮಾಷೆ ನೋಡಿ. ಈ ಲೆಕ್ಕದ ಪ್ರಕಾರ ವರ್ಷದ ಅತಿ ಉದ್ದದ "ದಿನ" ಬರೋದೂ ಡಿಸೆಂಬರ್ 22ರ ಆಸುಪಾಸಿನಲ್ಲೇ, ಅಂದರೆ ಅತಿ ಚಿಕ್ಕ ಹಗಲಿನ ಪಕ್ಕದಲ್ಲೇ! ಹಾಗಾಗಿ ಸುಳಿವು ಬರೆಯೋರಿಗೆ ನನ್ನದೊಂದು ವಿನಂತಿ: "ವರ್ಷದ ಅತಿ ದೊಡ್ಡ ದಿನ" ಅಂತ ಬರೀಬೇಡಿ, "ಅತಿ ದೊಡ್ಡ ಹಗಲು" ಅನ್ನಿ. ಇಂಗ್ಲಿಷಿನಲ್ಲಿ ಎರಡಕ್ಕೂ "ಡೇ" ಅಂತ ಒಂದೇ ಪದ ಹೇಳಿ ಒದ್ದಾಡ್ತಾರೆ. ನಮಗೆ ಹಗಲು ಅನ್ನೋ ಚೆಂದದ ಪದ ಇದೆ, ಅದೂ ಮೂರೇ ಮನೆ.

ಇಂಗ್ಲಿಷ್ ಪದಬಂಧದಲ್ಲಿ ಈ ಸುಳಿವಿಗೆ ಉತ್ತರ "ಸಾಲ್‌ಸ್ಟಿಸ್", ಎಂಟು ಅಕ್ಷರ. ಸೂರ್ಯ ನಿಲ್ಲೋದು ಅಂತ ಅದರ ಲ್ಯಾಟಿನ್ ಮೂಲದ ಅರ್ಥ. ನಿಜಕ್ಕೂ ನಿಂತ ಹಾಗೇ ಇರ್ತಾನೆ. ಡಿಸೆಂಬರ್ 21ರಿಂದ ಸಂಕ್ರಮಣದವರೆಗೆ 24 ದಿನ ಕಳೆದರೂ ನಮ್ಮಲ್ಲಿ ಹಗಲು ಬೆಳೆಯೋದು ಬರೀ ಐದಾರು ನಿಮಿಷ. ಕುತೂಹಲದ ವಿಷಯ ಅಂದರೆ ಆಧುನಿಕ ಪದಬಂಧ ಹುಟ್ಟಿದ್ದೂ ಚಿಕ್ಕ ಹಗಲಿನ ಹೊಸ್ತಿಲಲ್ಲೇ. ಆರ್ಥರ್ ವಿನ್ ಎಂಬುವರು ಮಾಡಿದ, ವಜ್ರದ ಆಕಾರದ ಮೊದಲ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ರಂದು.

ಕನ್ನಡದಲ್ಲಿ ಮಜಾ ಬೇರೆ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಒತ್ತು-ದೀರ್ಘ ಎಲ್ಲಾ ಸೇರಿ. ಅ.ನಾ. ಪ್ರಹ್ಲಾದರಾವ್ ಅವರಂಥವರು ಸಾವಿರ ಸಾವಿರ ಪದಬಂಧ ಕಟ್ಟಿ ಕನ್ನಡಿಗರಿಗೆ ಈ ಹುಚ್ಚು ಹತ್ತಿಸಿದ್ದಾರೆ; ಲಿಮ್ಕಾ ದಾಖಲೆ ಪುಸ್ತಕದಲ್ಲೂ ಅವರ ಹೆಸರಿದೆ. ಈಗ ನಮ್ಮ ಸುಳಿವನ್ನೇ ನೋಡಿ. ಚಿಕ್ಕ ಹಗಲಿಗೆ ಉತ್ತರಾಯಣ, ದೊಡ್ಡ ಹಗಲಿಗೆ ದಕ್ಷಿಣಾಯನ. ಎರಡೂ ಐದೇ ಮನೆ. ನಾಲ್ಕನೇ ಮನೆಯಲ್ಲಿ ಎರಡಕ್ಕೂ "ಯ". ಮೇಲಿನಿಂದ ಕೆಳಕ್ಕೆ ಬಂದ ಪದ ಆ ಮನೆಯಲ್ಲಿ ದಾಟಿದರೆ ಏನೂ ಉಪಯೋಗ ಇಲ್ಲ. ಕೊನೆ ಮನೆಯಲ್ಲಿ ದಾಟಿದರೆ ಗುಟ್ಟು ಬಯಲಾಗುತ್ತೆ: ಉತ್ತರಾಯಣಕ್ಕೆ "ಣ", ದಕ್ಷಿಣಾಯನಕ್ಕೆ "ನ". ಅಯನ ಅಂದರೆ ದಾರಿ, ನಡಿಗೆ. ಹಿಂದಿರೋ "ರ"ದ ಪ್ರಭಾವದಿಂದ ರಾಮಾಯಣದಲ್ಲಿ ಆದ ಹಾಗೆ ಉತ್ತರಾಯಣದಲ್ಲೂ "ನ" ಹೋಗಿ "ಣ" ಆಗುತ್ತೆ. ದಕ್ಷಿಣಾಯನದಲ್ಲಿ "ಷ" ಇದ್ದರೂ ನಡುವೆ ಒಂದು "ಣ" ಅಡ್ಡ ಕೂತಿರೋದರಿಂದ ಕೊನೆಯ "ನ" ಹಾಗೇ ಉಳಿಯುತ್ತೆ. ಎಷ್ಟೋ ಜನ "ದಕ್ಷಿಣಾಯಣ" ಅಂತ ತುಂಬಿ, ಆಮೇಲೆ ಕೆಳಗಿನ ಪದ ಕೂಡದೆ ತಲೆ ಕೆರೆದುಕೊಳ್ಳೋದು ಇಲ್ಲೇ.

ಹಾಗಾದರೆ ಉತ್ತರಾಯಣ ಶುರುವಾಗೋದು ಯಾವಾಗ? ಆಕಾಶದ ಲೆಕ್ಕದಲ್ಲಿ ಡಿಸೆಂಬರ್ 21 ಅಥವಾ 22. ಮನೆಯ ಲೆಕ್ಕದಲ್ಲಿ ಸಂಕ್ರಮಣ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರ್ತಿದ್ದವು. ಸೂರ್ಯ ಮಕರ ರಾಶಿಗೆ ಕಾಲಿಡೋದೂ, ಉತ್ತರಕ್ಕೆ ತಿರುಗೋದೂ ಒಟ್ಟಿಗೇ ಆಗ್ತಿತ್ತು. ಆದರೆ ಭೂಮಿ ಬುಗುರಿ ಹಾಗೆ ತಲೆ ತೂಗುತ್ತಾ ತಿರುಗುತ್ತೆ. ಒಮ್ಮೆ ಪೂರ್ತಿ ತೂಗೋಕೆ ಸುಮಾರು 26,000 ವರ್ಷ ಬೇಕು. 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಜರುಗುತ್ತೆ. ನಮ್ಮ ಪಂಚಾಂಗ ನಕ್ಷತ್ರಗಳನ್ನ ಹಿಡಿದು ನಡೆಯೋದರಿಂದ ಮಕರ ಸಂಕ್ರಮಣ ನಿಧಾನಕ್ಕೆ ಮುಂದೆ ಸರಿಯುತ್ತಾ ಬಂದು ಈಗ ಸುಮಾರು 24 ದಿನದ ಅಂತರ ಬಿದ್ದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಆ ದಿನ ಮಕರ ಸಂಕ್ರಾಂತಿ. ಈಗ ಅದು 14ಕ್ಕೋ 15ಕ್ಕೋ ಬರುತ್ತೆ.

ಇದನ್ನ ಸರಿಮಾಡೋ ಪ್ರಯತ್ನವೂ ನಡೆದಿದೆ. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಅದರಲ್ಲಿ ಪೌಷ ಮಾಸ ಶುರುವಾಗೋದು ಡಿಸೆಂಬರ್ 22ಕ್ಕೆ, ಆಷಾಢ ಜೂನ್ 22ಕ್ಕೆ. ಅಂದರೆ ಚಿಕ್ಕ ಹಗಲು, ದೊಡ್ಡ ಹಗಲು ಮುಗಿದ ಬೆನ್ನಿಗೇ ಹೊಸ ತಿಂಗಳು. ಸರ್ಕಾರಿ ಗೆಜೆಟ್‌ನಲ್ಲಿ ಆ ತಾರೀಖು ಇರುತ್ತೆ. ಹಬ್ಬ ಮಾತ್ರ ಜನರ ಕೈಲಿರೋ ಪಂಚಾಂಗದ ಪ್ರಕಾರವೇ ನಡೆದುಕೊಂಡು ಬಂದಿದೆ.

ದೊಡ್ಡ ಹಗಲಿನ ಕಥೆ ಇನ್ನೂ ಪಾಪದ್ದು. ಜೂನ್ 21 ಅಂದರೆ ಈಗ ಎಲ್ಲರಿಗೂ ನೆನಪಾಗೋದು ಯೋಗ ದಿನ. 2015ರಿಂದ ಜಗತ್ತಿನೆಲ್ಲೆಡೆ ನಡೀತಿದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಆ ಹೊತ್ತಿಗೆ ಮುಂಗಾರು ಮೋಡ. ವರ್ಷದ ಅತಿ ದೊಡ್ಡ ಹಗಲು ಬಂದು ಹೋದದ್ದೇ ಗೊತ್ತಾಗೋದಿಲ್ಲ. ಮೋಡ ಇಲ್ಲದಿದ್ದರೂ ಅವತ್ತು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರೋದಿಲ್ಲ. ಅದು ನಮಗೆ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದಲ್ಲಿ. ಜೂನ್ 21ರ ನಡುಹಗಲಿನಲ್ಲಿ ಆತ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರ್ತಾನೆ, ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತೆ. ದೊಡ್ಡ ಹಗಲಿಗೂ ಚಿಕ್ಕ ಹಗಲಿಗೂ ನಮ್ಮಲ್ಲಿ ವ್ಯತ್ಯಾಸ 1 ಗಂಟೆ 50 ನಿಮಿಷ ಮಾತ್ರ. ಲಂಡನ್ನಿನಲ್ಲಿ ದೊಡ್ಡ ಹಗಲು 16 ಗಂಟೆ ಮೀರುತ್ತೆ, ಚಿಕ್ಕದು 8 ಗಂಟೆಯೂ ಇರೋದಿಲ್ಲ. ಅಲ್ಲಿಯವರಿಗೆ ಎದ್ದು ಕಾಣುತ್ತೆ. ನಮ್ಮಲ್ಲಿ ಈ ವ್ಯತ್ಯಾಸ ಕಾಣಬೇಕಂದ್ರೆ ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡೋ ಮನುಷ್ಯನೇ ಬೇಕು. ಬಸ್ ಡ್ರೈವರ್ ಥರದವರು.

ಸಂಕ್ರಮಣಕ್ಕೆ ರಾತ್ರಿ ಬಸ್ ಹಿಡಿದು ಊರಿಗೆ ಹೋದೆ. ಬಂದಿಳಿದಾಗ ಇನ್ನೂ ಕತ್ತಲು. ಅಮ್ಮ ಒಲೆ ಮುಂದೆ ಇದ್ದಳು, ಅಪ್ಪ ಮಫ್ಲರ್ ಸುತ್ತಿಕೊಂಡು ಮಾಳಿಗೆ ಮೇಲಿದ್ದರು. ಚಹಾ ತಗೊಂಡು ಮೇಲೆ ಹೋದೆ. ಪಟ್ಟಿಯನ್ನ ಆಫೀಸಿನಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಏನೂ ಮುನ್ನುಡಿ ಹಾಕದೆ ಕೈಗೆ ಕೊಟ್ಟೆ.

"ಅಪ್ಪಾ, ನಿನ್ನ ಹೆಡ್‌ಲೈಟ್ ಲೆಕ್ಕ ಖರೆ ಐತಿ. ಸಂಕ್ರಮಣಕ್ಕ ಸೂರ್ಯಾ 8 ನಿಮಿಷ ತಡಾ ಹುಡ್ತಾನ. ನಾ ಅವತ್ತು ಹಂಗ ಅನಬಾರದಿತ್ತು."

ಅಪ್ಪ ಕನ್ನಡಕ ಹಾಕಿಕೊಂಡು ಮೊಬೈಲ್ ಬೆಳಕಿನಲ್ಲಿ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದರು. ಸಂಜೆಯ ಕಾಲಮ್ಮಿಗೆ ಬಂದು ನಿಂತರು. "ಸಂಜಿ ಮುಂದ ಇಷ್ಟು ಬೆಳೀತದೇನು? ಇದು ನನಗ ಗೊತ್ತಿರಲಿಲ್ಲ ನೋಡವಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಸುಳಿವು ಕೇಳಿದ್ದು ಹಗಲು. ನಾ ಹೇಳಿದ್ದು ಮುಂಜಾನಿ. ನಂದೂ ಅರ್ಧ ತಪ್ಪೈತಿ."

ಏಳು ಗಂಟೆ ದಾಟಿದ ಮೇಲೆ ಮನೆಗಳ ಸಂದಿಯಿಂದ ಕೆಂಪಗೆ ಸೂರ್ಯ ಮೇಲೆ ಬಂದ. ಅಪ್ಪ ಎದುರು ಮನೆಯ ನೀರಿನ ಟಾಕಿ ತೋರಿಸಿದರು. "ನೀ ಹೋದ ಸಲ ಬಂದಾಗ ಟಾಕಿ ಬಲಕ್ಕ ಹುಡ್ತಿದ್ದ. ಈಗ ನೋಡು, ಟಾಕಿ ನೆತ್ತಿಗೇ ಬಂದಾನ. ಆಗಲೇ ಉತ್ತರಕ್ಕ ಹೊಂಟಾನಂದಂಗಾಯ್ತಲ್ಲ, ನೀ ಹೇಳಿದ್ದೂ ಖರೇನ." ಲೆಕ್ಕ ಹಾಕಿ ನೋಡಿದೆ. ಆ 24 ದಿನದಲ್ಲಿ ಸೂರ್ಯ ಹುಟ್ಟೋ ಜಾಗ ಎರಡು ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತೆ, ಅಂದರೆ ಸೂರ್ಯನ ಅಗಲದ ನಾಲ್ಕು ಪಟ್ಟು. ಟಾಕಿಯ ಸಾಕ್ಷಿ ನನ್ನ ಕೋಡಿಗೆ ಸರಿಯಾಗಿ ಹೊಂದಿತ್ತು.

ಕೆಳಗೆ ಬಂದಾಗ ಅಮ್ಮ ಇಬ್ಬರ ಅಂಗೈಗೂ ಕುಸುರೆಳ್ಳು ಹಾಕಿದಳು. ಎಳ್ಳು-ಬೆಲ್ಲ ತಗೊಂಡು ಒಳ್ಳೇ ಮಾತಾಡಬೇಕು ಅಂತ ಊರಿಗೆಲ್ಲ ಹೇಳೋ ದಿನ ಅದು. ನಾವಿಬ್ಬರೂ ಆ ಮಾತನ್ನ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಪೇಪರ್ ತೆಗೆದು ಪದಬಂಧದ ಪುಟ ಮಡಚಿಕೊಂಡರು.

ನೀವೂ ಪದಬಂಧದವರಾದರೆ, ಅವತ್ತು ನಾವಿಬ್ಬರೂ ಕೂತು ಕಟ್ಟಿದ ಮೂರು ಸುಳಿವು ಇಲ್ಲಿವೆ. ಉತ್ತರ ಈ ಬರಹದಲ್ಲೇ ಇದೆ.

ಒಂದು: ಪ್ರಶ್ನೆಗೆ ಬೇಕಾದದ್ದು ತಲೆಯಲ್ಲಿ, ರಾಮನ ಕಥೆ ಬಾಲದಲ್ಲಿ, ಚಿಕ್ಕ ಹಗಲಿನ ಮುಂದಿನ ಆರು ತಿಂಗಳು. 5 ಮನೆ.
ಎರಡು: ಪೂಜೆ ಮಾಡಿಸಿದವರು ಕೊಡುವುದರಿಂದ ಆರಂಭ, ಹಗಲು ಕುಗ್ಗುವ ಕಾಲ. 5 ಮನೆ.
ಮೂರು: ಹೆಡ್‌ಲೈಟ್ ಬೇಡದ ಹೊತ್ತು. 3 ಮನೆ.

ಮೂರನೆಯದು ಅಪ್ಪನದು.

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಕ್ಯಾಬಿನಲ್ಲಿದ್ದಾಗ ಮೊಬೈಲ್ ಸದ್ದಾಯಿತು. ಅರ್ಧ ತುಂಬಿದ ಪದಬಂಧ, ಒಂದು ಸುಳಿವಿನ ಕೆಳಗೆ ನೀಲಿ ಗೆರೆ. ಫೋಟೊ ಕೆಳಗೆ ಅಪ್ಪ ಬರೆದಿದ್ದರು: "7:00ಕ್ಕ ಹುಟ್ಟಿದ. ಮೂರನೇ ಮನಿ ಏನು?"